ಜಠರದ ಆಮ್ಲ ಜಠರವನ್ನೇ ಏಕೆ ಸುಡುವುದಿಲ್ಲ?

ಶೌಚಾಲಯದ ಕಲೆ ತೆಗೆಯಲು ಅಂಗಡಿಯಿಂದ ತರುವ ಆಸಿಡ್ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ. ಅದನ್ನು ಕೈಗೆ ತಾಗಿಸಿಕೊಳ್ಳಬಾರದು, ಮಕ್ಕಳಿಗೆ ಸಿಗದಂತೆ ಎತ್ತರದಲ್ಲಿ ಇಡಬೇಕು ಎಂದು ಎಲ್ಲರಿಗೂ ಗೊತ್ತು. ಅದೇ ಆಮ್ಲ ನಮ್ಮೆಲ್ಲರ ಹೊಟ್ಟೆಯಲ್ಲಿ ಪ್ರತಿದಿನ ತಯಾರಾಗುತ್ತದೆ. ಬಾಟಲಿಯಲ್ಲಿರುವಷ್ಟು ಗಾಢವಲ್ಲ, ನಿಜ. ಆದರೂ ಸುಣ್ಣಕಲ್ಲಿನ ಮೇಲೆ ಬಿದ್ದರೆ ನೊರೆ ಬರಿಸುವಷ್ಟು ತೀಕ್ಷ್ಣವಾದದ್ದು. ಆರೋಗ್ಯವಂತ ಮನುಷ್ಯನ ಜಠರದಲ್ಲಿ ದಿನಕ್ಕೆ ಸುಮಾರು ಒಂದೂವರೆಯಿಂದ ಎರಡು ಲೀಟರ್ ಜಠರರಸ ಸ್ರವಿಸುತ್ತದೆ. ನಾವು ತಿಂದ ಮೀನು, ಮಾಂಸ, ಬೇಳೆಗಳನ್ನು ಈ ರಸ ಕರಗಿಸುತ್ತದೆ.

ಜಠರವೂ ಮಾಂಸದಿಂದಲೇ ಆದದ್ದಲ್ಲವೇ? ತಿಂದ ಮಾಂಸವನ್ನು ಕರಗಿಸುವ ರಸ ತನ್ನನ್ನು ಹೊತ್ತಿರುವ ಚೀಲವನ್ನು ಏಕೆ ಕರಗಿಸುವುದಿಲ್ಲ? ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ 1772ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನೇ ಚರ್ಚಿಸಿದ್ದರು. ಸತ್ತವರ ದೇಹವನ್ನು ಪರೀಕ್ಷಿಸುವಾಗ ಕೆಲವೊಮ್ಮೆ ಜಠರದ ಗೋಡೆ ಅದರದೇ ರಸದಿಂದ ಕರಗಿರುವುದನ್ನು ಅವರು ಕಂಡಿದ್ದರು. ಬದುಕಿರುವಾಗ ಹಾಗಾಗದು, ಜೀವಶಕ್ತಿಯೇ ಅದನ್ನು ಕಾಯುತ್ತದೆ ಎಂದು ಅವರು ಹೇಳಿದರು. ಜಠರದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲವೇ ಎಂದು ವಿಲಿಯಂ ಪ್ರೌಟ್ ಎಂಬ ಇಂಗ್ಲಿಷ್ ವೈದ್ಯರು ತೋರಿಸಿಕೊಟ್ಟದ್ದು 1824ರಲ್ಲಿ. ಆ ‘ಜೀವಶಕ್ತಿ’ ಎಂದರೆ ನಿಜವಾಗಿ ಏನು ಎಂಬುದು ಸ್ಪಷ್ಟವಾಗಲು ಮುಂದೆ ಒಂದೂವರೆ ಶತಮಾನ ಬೇಕಾಯಿತು.

ಇದನ್ನು ತಿಳಿದುಕೊಳ್ಳುವುದರಿಂದ ರೈತರಾದ ನಮಗೇನು ಲಾಭ ಎಂದು ಕೇಳಬಹುದು. ಲಾಭವಿದೆ. ಅಡಿಕೆ ಕೊಯ್ಲು, ಗದ್ದೆ ಕೆಲಸ, ಗೊಬ್ಬರ ಹೊರುವ ಕಾಲದಲ್ಲಿ ಮೈಕೈ ನೋವಿಗೆ ಮಾತ್ರೆ ನುಂಗದ ಮನೆ ಇಂದು ಅಪರೂಪ. ಆ ಮಾತ್ರೆಯಿಂದ ಹೊಟ್ಟೆ ಉರಿದರೆ ‘ಗ್ಯಾಸ್ಟ್ರಿಕ್’ ಎಂದು ಇನ್ನೊಂದು ಮಾತ್ರೆ. ಎರಡೂ ಚೀಟಿಯಿಲ್ಲದೆ ಸಿಗುತ್ತವೆ. ಒಂದು ಮಾತ್ರೆ ಜಠರದ ಗೋಡೆಯನ್ನು ದುರ್ಬಲಗೊಳಿಸುತ್ತದೆ; ಇನ್ನೊಂದು ಆಮ್ಲದ ಪಂಪನ್ನು ನಿಲ್ಲಿಸುತ್ತದೆ. ಯಾವುದು ಏನು ಮಾಡುತ್ತದೆ ಎಂದು ತಿಳಿಯದೆ ನುಂಗುತ್ತಾ ಹೋದವರು ಕೊನೆಗೆ ರಕ್ತ ಕಾರಿಕೊಂಡು ಆಸ್ಪತ್ರೆ ಸೇರುವುದುಂಟು.

ಉಪ್ಪಿನಿಂದ ಆಮ್ಲ

ಒಂದು ಚಿಟಿಕೆ ಉಪ್ಪನ್ನು ನೀರಿಗೆ ಹಾಕಿದರೆ ಅದು ಕಾಣದಂತೆ ಕರಗುತ್ತದೆ. ಆಗ ಉಪ್ಪು ಸೋಡಿಯಂ ಮತ್ತು ಕ್ಲೋರೈಡ್ ಎಂಬ ಎರಡು ಬಗೆಯ ಕಣಗಳಾಗಿ ಒಡೆಯುತ್ತದೆ. ಒಂದಕ್ಕೆ ಧನ ವಿದ್ಯುತ್ತು, ಇನ್ನೊಂದಕ್ಕೆ ಋಣ ವಿದ್ಯುತ್ತು ಇರುತ್ತದೆ. ಹೀಗೆ ವಿದ್ಯುತ್ತನ್ನು ಹೊತ್ತ ಕಣಗಳಿಗೆ ‘ಅಯಾನು’ ಎಂದು ಹೆಸರು. ನಮ್ಮ ರಕ್ತದಲ್ಲಿ, ಬೆವರಿನಲ್ಲಿ, ಕಣ್ಣೀರಿನಲ್ಲಿ ಇರುವುದು ಇಂತಹ ಅಯಾನುಗಳೇ. ಹೈಡ್ರೋಜನ್ ಅಯಾನು ಹೆಚ್ಚಿದ್ದರೆ ಆ ದ್ರವ ಹುಳಿ, ಅಂದರೆ ಆಮ್ಲ. ಅದನ್ನು ತಗ್ಗಿಸುವ ಗುಣವುಳ್ಳದ್ದು ಕ್ಷಾರ.

ಮಣ್ಣು ಪರೀಕ್ಷೆಯ ಚೀಟಿಯಲ್ಲಿ ‘ಪಿ.ಎಚ್.’ ಎಂಬ ಅಂಕಿಯನ್ನು ನೀವು ನೋಡಿರಬಹುದು. 7 ಎಂದರೆ ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ. ನಮ್ಮ ಮುರಕಲ್ಲಿನ ಮಣ್ಣಿನ ಪಿ.ಎಚ್. 5ರ ಆಸುಪಾಸಿಗೆ ಇಳಿದರೆ ಸುಣ್ಣ ಹಾಕಿ ಎನ್ನುತ್ತಾರೆ. ಈ ಅಂಕಿ ಒಂದು ಇಳಿದರೆ ಹುಳಿ ಹತ್ತು ಪಟ್ಟು ಏರಿತು ಎಂದು ಲೆಕ್ಕ. ನಮ್ಮ ರಕ್ತದ ಪಿ.ಎಚ್. ಸುಮಾರು 7.4. ಜಠರರಸದ್ದು 1ರಿಂದ 2. ಜಠರದ ಆಮ್ಲ ಅತಿ ತೀಕ್ಷ್ಣವಾಗಿರುವಾಗ ಗೋಡೆಯ ಈಚೆಗಿನ ರಕ್ತಕ್ಕಿಂತ ಆಚೆಗಿನ ರಸದಲ್ಲಿ ಹೈಡ್ರೋಜನ್ ಅಯಾನು ಹತ್ತು ಲಕ್ಷ ಪಟ್ಟಿಗಿಂತಲೂ ಹೆಚ್ಚು. ನಡುವೆ ಇರುವುದು ಜೀವಕೋಶಗಳ ಒಂದೇ ಒಂದು ಸಾಲು!

ಇಷ್ಟು ವ್ಯತ್ಯಾಸ ತಾನಾಗಿ ಉಂಟಾಗುವುದಿಲ್ಲ. ಕೆರೆಯ ನೀರು ಗುಡ್ಡದ ತೋಟಕ್ಕೆ ತಾನಾಗಿ ಏರುವುದಿಲ್ಲ, ಪಂಪು ಬೇಕು. ಜಠರದ ಗೋಡೆಯ ಸಣ್ಣ ಸಣ್ಣ ಗುಳಿಗಳ ಒಳಗೆ ಆಮ್ಲ ತಯಾರಿಸುವ ವಿಶೇಷ ಜೀವಕೋಶಗಳಿವೆ. ಒಬ್ಬ ಮನುಷ್ಯನಲ್ಲಿ ಅವುಗಳ ಸಂಖ್ಯೆ ಸುಮಾರು 100 ಕೋಟಿ. ಪ್ರತಿಯೊಂದರ ಪೊರೆಯಲ್ಲೂ ಹೈಡ್ರೋಜನ್ ಅಯಾನನ್ನು ಹೊರಕ್ಕೆ ತಳ್ಳುವ ಪುಟ್ಟ ಪಂಪುಗಳಿವೆ. ಒಂದು ಹೈಡ್ರೋಜನ್ ಅಯಾನು ಜಠರದ ಕಡೆಗೆ ಹೋದರೆ ಅದಕ್ಕೆ ಬದಲಾಗಿ ಒಂದು ಪೊಟ್ಯಾಸಿಯಂ ಅಯಾನು ಒಳಗೆ ಬರುತ್ತದೆ. ಹೀಗೆ ಬಂದ ಪೊಟ್ಯಾಸಿಯಂ ಬೇರೊಂದು ಕಿಂಡಿಯಿಂದ ಮತ್ತೆ ಹೊರಗೆ ಸೋರಿ, ಪುನಃ ಪಂಪಿಗೆ ಸಿಗುತ್ತದೆ. ಕ್ಲೋರೈಡ್ ಇನ್ನೊಂದು ಕಿಂಡಿಯಿಂದ ಹೊರಬರುತ್ತದೆ. ಹೈಡ್ರೋಜನ್ನೂ ಕ್ಲೋರೈಡೂ ಕೂಡಿದಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಸಿದ್ಧ. ನಾವು ಗಂಜಿಗೆ ಹಾಕಿಕೊಂಡ ಉಪ್ಪಿನ ಅರ್ಧ ಪಾಲು ಹೀಗೆ ಉಪಯೋಗಕ್ಕೆ ಬರುತ್ತದೆ.

ಪಂಪಿಗೆ ಕರೆಂಟು ಬೇಕಲ್ಲವೇ? ಜೀವಕೋಶಕ್ಕೆ ಶಕ್ತಿ ಒದಗಿಸುವ ‘ಮೈಟೊಕಾಂಡ್ರಿಯ’ ಎಂಬ ಒಲೆಗಳು ಈ ಕೋಶಗಳ ಸುಮಾರು ಮೂರನೆಯ ಒಂದು ಭಾಗವನ್ನು ತುಂಬಿಕೊಂಡಿವೆ. ಪಂಪುಗಳು ಯಾವಾಗಲೂ ಓಡುತ್ತಿರುವುದಿಲ್ಲ. ಹೊಟ್ಟೆ ಖಾಲಿಯಿರುವಾಗ ಬಹುಪಾಲು ಪಂಪುಗಳು ಕೋಶದ ಒಳಗೆ ಪುಟ್ಟ ಚೀಲಗಳಲ್ಲಿ ಸುಮ್ಮನಿರುತ್ತವೆ. ಸಾರಿನ ಪರಿಮಳ ಮೂಗಿಗೆ ಬಂದು ಅನ್ನ ಬಾಯಿಗೆ ಬಿದ್ದೊಡನೆ ನರಗಳ ಮೂಲಕ ಸಂದೇಶ ಹೋಗುತ್ತದೆ. ಗ್ಯಾಸ್ಟ್ರಿನ್ ಮತ್ತು ಹಿಸ್ಟಮಿನ್ ಎಂಬ ರಾಸಾಯನಿಕಗಳೂ ಕೂಗಿ ಕರೆಯುತ್ತವೆ. ಆಗ ಆ ಚೀಲಗಳು ಅಂಚಿಗೆ ಬಂದು ಪೊರೆಗೆ ಸೇರಿಕೊಂಡು ಪಂಪುಗಳು ಕೆಲಸ ಶುರುಮಾಡುತ್ತವೆ.

ಈ ಸಂಗತಿಗಳನ್ನು ತಿಳಿಸಿಕೊಟ್ಟದ್ದು ಬಹುಮಟ್ಟಿಗೆ ಕಪ್ಪೆ. ಕಪ್ಪೆಯ ಜಠರದ ಪೊರೆಯನ್ನು ಎರಡು ಪುಟ್ಟ ತೊಟ್ಟಿಗಳ ನಡುವೆ ಪರದೆಯಂತೆ ಕಟ್ಟಿ, ಯಾವ ಅಯಾನು ಎತ್ತ ಹೋಗುತ್ತದೆ, ಎಷ್ಟು ವಿದ್ಯುತ್ತು ಹರಿಯುತ್ತದೆ ಎಂದು ವಿಜ್ಞಾನಿಗಳು 1950ರ ದಶಕದಲ್ಲಿ ಅಳೆದರು. ಹೈಡ್ರೋಜನ್ ಪಂಪು ಪೊಟ್ಯಾಸಿಯಂ ಬೇಡುತ್ತದೆ ಎಂಬುದು 1970ರ ದಶಕದಲ್ಲಿ ಖಚಿತವಾಯಿತು.

ಪ್ರತಿ ಹುಳಿಗೂ ಒಂದು ಸುಣ್ಣ

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವವರಿಗೆ ಮುಂದಿನ ಮಾತು ಸುಲಭವಾಗಿ ಅರ್ಥವಾದೀತು. ಮೈಲುತುತ್ತಿನ ನೀರು ಹುಳಿ. ಅದನ್ನೇ ಅಡಿಕೆ ಗೊನೆಗೆ ಹೊಡೆದರೆ ಸುಟ್ಟುಹೋಗುತ್ತದೆ. ಸರಿಯಾದಷ್ಟು ಸುಣ್ಣ ಸೇರಿದಾಗ ಮಾತ್ರ ಅದು ಮದ್ದಾಗುತ್ತದೆ. ಮಸೆದ ಕತ್ತಿಯ ಅಲಗನ್ನು ಅದ್ದಿ ನೋಡಿ, ಕೆಂಪಗೆ ತಾಮ್ರ ಹಿಡಿದರೆ ಇನ್ನೂ ಸುಣ್ಣ ಬೇಕು ಎಂದು ತಿಳಿಯುತ್ತೇವೆ.

ಜಠರವೂ ಸುಣ್ಣದಂತಹ ಒಂದು ಕ್ಷಾರವನ್ನು ತಾನೇ ಮಾಡಿಕೊಳ್ಳುತ್ತದೆ. ಆಮ್ಲದ ಕೋಶದೊಳಗೆ ನೀರು ಮತ್ತು ಕಾರ್ಬನ್ ಡೈ ಆಕ್ಸೈಡ್, ಅಂದರೆ ನಾವು ಉಸಿರಿನಲ್ಲಿ ಬಿಡುವ ಅನಿಲ, ಒಂದು ಕಿಣ್ವದ ಸಹಾಯದಿಂದ ಕೂಡಿಕೊಳ್ಳುತ್ತವೆ. ಕೂಡಿದ್ದು ಒಡೆದಾಗ ಒಂದು ಹೈಡ್ರೋಜನ್ ಅಯಾನು, ಒಂದು ಬೈಕಾರ್ಬನೇಟ್ ಅಯಾನು ಸಿಗುತ್ತವೆ. ಬೈಕಾರ್ಬನೇಟ್ ಎಂದರೆ ಅಡುಗೆ ಸೋಡಾದಲ್ಲಿರುವ ಕ್ಷಾರವೇ. ಹೈಡ್ರೋಜನ್ ಮುಂಬಾಗಿಲಿನಿಂದ ಜಠರಕ್ಕೆ ಹೋಗುತ್ತದೆ. ಬೈಕಾರ್ಬನೇಟ್ ಹಿಂಬಾಗಿಲಿನಿಂದ ರಕ್ತಕ್ಕೆ ಹೋಗುತ್ತದೆ. ಅದಕ್ಕೆ ಬದಲಾಗಿ ರಕ್ತದಿಂದ ಕ್ಲೋರೈಡ್ ಒಳಗೆ ಬರುತ್ತದೆ. ಜಠರಕ್ಕೆ ಎಷ್ಟು ಹುಳಿ ಹೋಯಿತೋ ಅಷ್ಟೇ ಕ್ಷಾರ ರಕ್ತಕ್ಕೆ ಸೇರಿತು. ಭರ್ಜರಿ ಊಟದ ನಂತರ ಸ್ವಲ್ಪ ಹೊತ್ತು ಮೂತ್ರದ ಹುಳಿ ಕಡಿಮೆಯಾಗುವುದಕ್ಕೆ ಕಾರಣ ಇದೇ.

ಇಲ್ಲಿ ಇನ್ನೊಂದು ಸೊಗಸಾದ ಏರ್ಪಾಡಿದೆ. ಆಳದಲ್ಲಿರುವ ಆಮ್ಲದ ಕೋಶಗಳ ಪಕ್ಕದಿಂದ ಹೊರಟ ನವಿರಾದ ರಕ್ತನಾಳಗಳು ನೇರವಾಗಿ ಮೇಲ್ಮೈಯ ಕೋಶಗಳ ಬುಡಕ್ಕೆ ಬರುತ್ತವೆ. ಆಮ್ಲ ಹೆಚ್ಚು ತಯಾರಾಗುವ ಹೊತ್ತಿಗೇ, ಆ ಆಮ್ಲವನ್ನು ಎದುರಿಸಬೇಕಾದ ಕೋಶಗಳಿಗೆ ಬೈಕಾರ್ಬನೇಟ್ ಹೆಚ್ಚು ಒದಗುತ್ತದೆ.

ಗೋಡೆ ನಿಂತಿರುವುದು ಹೇಗೆ?

ಮೇಲ್ಮೈಯ ಕೋಶಗಳು ಅಂಟಾದ ಲೋಳೆಯನ್ನು ಸುರಿಸುತ್ತಲೇ ಇರುತ್ತವೆ. ಈ ಲೋಳೆಯಲ್ಲಿ ಶೇಕಡಾ 95ರಷ್ಟು ನೀರೇ. ದಪ್ಪ ಒಂದು ಮಿಲಿಮೀಟರಿನಷ್ಟೂ ಇಲ್ಲ. ಆದರೆ ಕೋಶಗಳು ಲೋಳೆಯ ಅಡಿಗೆ ಬೈಕಾರ್ಬನೇಟನ್ನೂ ಬಿಡುತ್ತವೆ. ಲೋಳೆ ಅದನ್ನು ಹರಿದುಹೋಗದಂತೆ ಹಿಡಿದಿಡುತ್ತದೆ. ಮೇಲಿನಿಂದ ನುಸುಳಿ ಬಂದ ಆಮ್ಲ ಅಲ್ಲೇ ಕ್ಷಾರಕ್ಕೆ ಸಿಕ್ಕಿ ಶಮನವಾಗುತ್ತದೆ. ಹೀಗಾಗಿ ಲೋಳೆಯ ಮೇಲೆ ಪಿ.ಎಚ್. 2 ಇದ್ದರೂ, ಕೋಶಕ್ಕೆ ತಾಗುವಲ್ಲಿ ಅದು 7ರ ಹತ್ತಿರ ಇರುತ್ತದೆ. ಇದು ಮೊದಲನೆಯ ಕಾವಲು.

ಎರಡನೆಯ ಕಾವಲು ಕೋಶಗಳದ್ದೇ. ಗಾರೆ ತುಂಬಿದ ಕಲ್ಲಿನ ಗೋಡೆಯಂತೆ ಅವು ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಂಡಿವೆ. ಸಂದಿನಲ್ಲಿ ಆಮ್ಲ ಸುಲಭವಾಗಿ ಇಳಿಯದು. ಅಷ್ಟಾಗಿಯೂ ಒಳನುಗ್ಗಿದ ಹೈಡ್ರೋಜನ್ ಅಯಾನುಗಳನ್ನು ಕೋಶ ತನ್ನ ಬುಡದ ಕಡೆಯಿಂದ, ಸೋಡಿಯಂಗೆ ಬದಲಾಗಿ, ಹೊರಕ್ಕೆ ಹಾಕುತ್ತದೆ. ರಕ್ತ ಅದನ್ನು ತೊಳೆದುಕೊಂಡು ಹೋಗುತ್ತದೆ. ಪ್ರೋಟೀನನ್ನು ಕತ್ತರಿಸುವ ಪೆಪ್ಸಿನ್ ಎಂಬ ಕಿಣ್ವವನ್ನು ಕೂಡ ಜಠರ ಹರಿತವಾಗಿಯೇ ತಯಾರಿಸುವುದಿಲ್ಲ. ಒರೆಯಲ್ಲಿಟ್ಟ ಕತ್ತಿಯಂತೆ ಹೊರಬಿಡುತ್ತದೆ. ಆಮ್ಲ ತಾಗಿದ ಮೇಲೆಯೇ ಅದು ಒರೆಯಿಂದ ಹೊರಬರುವುದು.

ಮೂರನೆಯದು ದುರಸ್ತಿ. ಮಳೆಗಾಲ ಕಳೆದ ಮೇಲೆ ನಮ್ಮ ಕಡೆ ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣು, ಸೊಪ್ಪು ಹಾಕಿ ಕಟ್ಟ ಕಟ್ಟುತ್ತಾರೆ. ಕಟ್ಟಿ ಮುಗಿಯಿತೆಂದು ಯಾರೂ ಮನೆಯಲ್ಲಿ ಕೂರುವುದಿಲ್ಲ. ಎಲ್ಲಿ ಸೋರಿತು, ಏಡಿ ಎಲ್ಲಿ ಕೊರೆಯಿತು ಎಂದು ನೋಡಿ ಮಣ್ಣು ಮೆತ್ತುತ್ತಲೇ ಇರಬೇಕು. ಜಠರದ ಮೇಲ್ಮೈಯ ಕೋಶಗಳೂ ಹಾಗೆಯೇ. ಮೂರರಿಂದ ಐದು ದಿನಗಳಲ್ಲಿ ಹಳೆಯವು ಉದುರಿ ಹೊಸವು ಬಂದಿರುತ್ತವೆ. ಸಣ್ಣ ಗೀರು ಬಿದ್ದರೆ ಪಕ್ಕದ ಕೋಶಗಳೇ ಸರಿದು ಬಂದು, ಒಂದು ಗಂಟೆಯೊಳಗೆ ಎನ್ನುವಷ್ಟು ಬೇಗ, ಅದನ್ನು ಮುಚ್ಚುತ್ತವೆ.

ಹಂಟರ್ ಹೇಳಿದ ಜೀವಶಕ್ತಿಯ ಒಳಗುಟ್ಟು ಇದು: ಲೋಳೆ, ಕ್ಷಾರ, ಬಿಗಿಯಾದ ಬೆಸುಗೆ, ರಕ್ತದ ಹರಿವು, ಎಡೆಬಿಡದ ದುರಸ್ತಿ. ಪ್ರಾಣ ಹೋದೊಡನೆ ಇವೆಲ್ಲ ನಿಲ್ಲುತ್ತವೆ, ಹಳೆಯ ಆಮ್ಲ ಮಾತ್ರ ಉಳಿಯುತ್ತದೆ. ಆದುದರಿಂದಲೇ ಶವದಲ್ಲಿ ಜಠರ ಕರಗಿದ್ದು.

ಕಟ್ಟ ಒಡೆಯುವುದು ಎಲ್ಲಿ?

ಅಮೆರಿಕದ ಹೊರೇಸ್ ಡೇವನ್‌ಪೋರ್ಟ್ 1960ರ ದಶಕದಲ್ಲಿ ನಾಯಿಗಳ ಜಠರದ ಮೇಲೆ ಪ್ರಯೋಗ ನಡೆಸಿದರು. ಬರಿಯ ಆಮ್ಲ ಹಾಕಿದಾಗ ಗೋಡೆ ಅದನ್ನು ತಡೆದು ನಿಂತಿತು. ಆಮ್ಲದ ಜೊತೆಗೆ ಆಸ್ಪಿರಿನ್ ಜಾತಿಯ ಮದ್ದು ಸೇರಿಸಿದಾಗ ತಡೆ ಮುರಿಯಿತು. ಹೈಡ್ರೋಜನ್ ಅಯಾನು ಗೋಡೆಯೊಳಕ್ಕೆ ಹಿಮ್ಮುಖವಾಗಿ ನುಗ್ಗಿತು, ಒಳಗಿನ ಸೋಡಿಯಂ ಜಠರಕ್ಕೆ ಸೋರಿತು, ರಕ್ತ ಒಸರಿತು. ಆಮ್ಲ ಮೊದಲಿನಷ್ಟೇ ಇತ್ತು, ಮುರಿದದ್ದು ಗೋಡೆ ಎಂಬುದನ್ನು ಗಮನಿಸಬೇಕು.

1971ರಲ್ಲಿ ಇಂಗ್ಲೆಂಡಿನ ಜಾನ್ ವೇನ್ ಇನ್ನೊಂದು ಕಾರಣವನ್ನು ಹೊರತಂದರು. ನಮ್ಮ ದೇಹದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುಗಳು ತಯಾರಾಗುತ್ತವೆ. ಗಾಯವಾದಲ್ಲಿ ನೋವು, ಬಾವು ಬರಿಸುವುದು ಇವೇ. ಜಠರದಲ್ಲಿ ಲೋಳೆ, ಬೈಕಾರ್ಬನೇಟ್, ರಕ್ತದ ಹರಿವು ಸರಿಯಾಗಿರುವಂತೆ ನೋಡಿಕೊಳ್ಳುವುದೂ ಇವೇ. ಆಸ್ಪಿರಿನ್ ಇವುಗಳ ತಯಾರಿಯನ್ನು ತಡೆಯುತ್ತದೆ ಎಂದು ವೇನ್ ತೋರಿಸಿದರು. 1982ರಲ್ಲಿ ನೊಬೆಲ್ ಬಹುಮಾನದಲ್ಲಿ ಅವರಿಗೆ ಪಾಲು ಸಿಕ್ಕಿತು. ನಾವು ಇಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್, ಅಸೆಕ್ಲೋಫೆನಾಕ್ ಮಾತ್ರೆಗಳು ನೋವು ಇಳಿಸುವುದೂ ಇದೇ ದಾರಿಯಿಂದ. ಮಂಡಿಯ ನೋವು ಇಳಿಯುವ ಹೊತ್ತಿಗೆ ಜಠರದ ಕಾವಲುಗಾರನೂ ನಿದ್ದೆಗೆ ಜಾರಿರುತ್ತಾನೆ.

ಇಲ್ಲಿ ಎರಡು ತಪ್ಪು ತಿಳುವಳಿಕೆಗಳಿವೆ. ‘ಇಂಜೆಕ್ಷನ್ ತೆಗೆದುಕೊಂಡರೆ ಹೊಟ್ಟೆಗೆ ತೊಂದರೆಯಿಲ್ಲ’ ಎನ್ನುವವರಿದ್ದಾರೆ. ಮದ್ದು ಯಾವ ದಾರಿಯಿಂದ ಬಂದರೂ ರಕ್ತದ ಮೂಲಕ ಜಠರದ ಗೋಡೆಯನ್ನು ತಲುಪಿ ಪ್ರೊಸ್ಟಗ್ಲಾಂಡಿನ್ ತಡೆಯುತ್ತದೆ. ‘ಊಟದ ಮೇಲೆ ನುಂಗಿದರೆ ಏನೂ ಆಗದು’ ಎಂಬುದು ಎರಡನೆಯದು. ಊಟದ ಮೇಲೆ ನುಂಗಿದರೆ ಉರಿ ಕಡಿಮೆಯಾಗಬಹುದು. ಹುಣ್ಣಿನ ಅಪಾಯ ಪೂರ್ತಿ ಹೋಗುವುದಿಲ್ಲ. 60 ದಾಟಿದವರು, ಹಿಂದೆ ಹುಣ್ಣು ಆದವರು, ಸ್ಟೆರಾಯ್ಡ್ ಮಾತ್ರೆ ಅಥವಾ ರಕ್ತ ತೆಳುವಾಗಿಸುವ ಮದ್ದು ಸೇವಿಸುವವರು ವೈದ್ಯರನ್ನು ಕೇಳದೆ ಇಂತಹ ಮಾತ್ರೆಗಳನ್ನು ಮುಟ್ಟಬಾರದು. ಆದರೆ ಹೃದಯಕ್ಕಾಗಿ ವೈದ್ಯರು ಬರೆದುಕೊಟ್ಟ ಸಣ್ಣ ಆಸ್ಪಿರಿನ್ ಮಾತ್ರೆಯನ್ನು ಹೆದರಿ ತಾವಾಗಿ ನಿಲ್ಲಿಸುವುದೂ ತಪ್ಪು. ಅದರಿಂದ ಪ್ರಾಣಕ್ಕೇ ಸಂಚಕಾರ ಬರಬಹುದು.

ಸಾರಾಯಿಯೂ ಲೋಳೆಯನ್ನು ದಾಟಿ ಗೋಡೆಯನ್ನು ಕೆಡಿಸುತ್ತದೆ. ಬೀಡಿ, ಸಿಗರೇಟು ಹುಣ್ಣು ಮಾಗುವುದನ್ನು ತಡಮಾಡುತ್ತವೆ. ಸಂಜೆ ನೋವಿನ ಮಾತ್ರೆ, ಅದರ ಮೇಲೆ ಸಾರಾಯಿ, ಖಾಲಿ ಹೊಟ್ಟೆ – ಈ ಮೂರು ಒಂದಾದರೆ ಎಂತಹ ಗಟ್ಟಿಮುಟ್ಟಾದ ಆಳಿನ ಜಠರವೂ ಸೋಲುತ್ತದೆ.

ಲೋಳೆಯಡಿ ಮನೆಮಾಡಿದ ಕಳ್ಳ

‘ಟೆನ್ಶನ್ ಮತ್ತು ಖಾರದಿಂದ ಹುಣ್ಣು’ ಎಂದು ವೈದ್ಯರೂ ಬಹುಕಾಲ ನಂಬಿದ್ದರು. ಆಸ್ಟ್ರೇಲಿಯದ ಪರ್ತ್ ನಗರದ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಜಠರದಲ್ಲೇ ಬದುಕುವ ಒಂದು ಸುರುಳಿ ಬ್ಯಾಕ್ಟೀರಿಯವನ್ನು ಬೆಳೆಸಿ ತೋರಿಸಿದರು. ಇದಕ್ಕೆ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂದು ಹೆಸರು. ಜನ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ಅದನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ಸಿಕ್ಕಿತು.

ಈ ಬ್ಯಾಕ್ಟೀರಿಯ ಆಮ್ಲದಲ್ಲಿ ಬದುಕುವುದು ಹೇಗೆ? ಅದೂ ಕ್ಷಾರದ ಉಪಾಯವನ್ನೇ ಮಾಡುತ್ತದೆ. ನಮ್ಮ ದೇಹದಲ್ಲಿ ಯೂರಿಯ ಇರುತ್ತದೆ, ಗೊಬ್ಬರದ ಯೂರಿಯವೇ. ಅದನ್ನು ಒಡೆದು ಅಮೋನಿಯ ಮಾಡಿ ತನ್ನ ಸುತ್ತ ಕವಚದಂತೆ ಹೊದ್ದುಕೊಳ್ಳುತ್ತದೆ. ಆಮೇಲೆ ಲೋಳೆಯೊಳಗೆ ಕೊರೆದು ಗೋಡೆಯ ಪಕ್ಕದಲ್ಲಿ ನೆಲೆಸುತ್ತದೆ. ಹೆಚ್ಚಿನವರಿಗೆ ಇದು ಅಂಟುವುದು ಬಾಲ್ಯದಲ್ಲಿ, ಮನೆಯವರಿಂದ ಅಥವಾ ಹೊಲಸು ನೀರಿನಿಂದ. ಎಲ್ಲರಿಗೂ ಹುಣ್ಣಾಗುವುದಿಲ್ಲ. ಆದರೆ ಹುಣ್ಣಾದವರಲ್ಲಿ ಇದನ್ನು ಪರೀಕ್ಷಿಸಿ ನೋಡಲೇಬೇಕು. ದೀರ್ಘಕಾಲ ಉಳಿದರೆ ಜಠರದ ಕ್ಯಾನ್ಸರಿನ ಅಪಾಯವನ್ನೂ ಇದು ಹೆಚ್ಚಿಸುತ್ತದೆ. ವೈದ್ಯರು ಕೊಡುವ ಆಂಟಿಬಯಾಟಿಕ್ ಮಾತ್ರೆಗಳನ್ನು, ಸಾಮಾನ್ಯವಾಗಿ ಎರಡು ವಾರ, ಒಂದು ದಿನವೂ ತಪ್ಪದೆ ಮುಗಿಸಿದರೆ ಹುಣ್ಣು ಮತ್ತೆ ಮತ್ತೆ ಮರುಕಳಿಸುವುದು ನಿಲ್ಲುತ್ತದೆ. ಅರ್ಧಕ್ಕೆ ಬಿಟ್ಟರೆ ಬ್ಯಾಕ್ಟೀರಿಯ ಮದ್ದಿಗೆ ಬಗ್ಗದಂತಾಗಬಹುದು.

ಪಂಪು ನಿಲ್ಲಿಸುವ ಮಾತ್ರೆ

1988ರಲ್ಲಿ ಒಮೆಪ್ರಜೋಲ್ ಎಂಬ ಮದ್ದು ಮಾರುಕಟ್ಟೆಗೆ ಬಂತು. ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್ ಅದರ ತಮ್ಮಂದಿರು. ಇವು ಹೈಡ್ರೋಜನ್ ಪಂಪಿಗೇ ಹೋಗಿ ಅಂಟಿಕೊಂಡು ಅದನ್ನು ನಿಲ್ಲಿಸುತ್ತವೆ. ಹುಣ್ಣು ಮಾಗಿಸುವುದರಲ್ಲಿ ಇವು ಬಹಳ ಉಪಕಾರಿ. ನೋವಿನ ಮಾತ್ರೆ ಅನಿವಾರ್ಯವಾಗಿರುವ ವೃದ್ಧರಿಗೆ ವೈದ್ಯರು ಇವನ್ನೂ ಜೊತೆಗೆ ಬರೆಯುತ್ತಾರೆ.

ಇವನ್ನು ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಿ ಎನ್ನುವುದೇಕೆ? ಓಡುತ್ತಿರುವ ಪಂಪಿಗೆ ಮಾತ್ರ ಈ ಮದ್ದು ಅಂಟುತ್ತದೆ. ಊಟದಿಂದ ಪಂಪುಗಳು ಎಚ್ಚರಗೊಳ್ಳುವ ಹೊತ್ತಿಗೆ ಮದ್ದು ರಕ್ತದಲ್ಲಿ ಸಿದ್ಧವಾಗಿರಬೇಕು. ಉರಿ ಬಂದಾಗ ರಾತ್ರಿ ಮಲಗುವ ಮುನ್ನ ಒಂದು ನುಂಗಿದರೆ ಮದ್ದಿನ ಪೂರ್ಣ ಗುಣ ಸಿಗುವುದಿಲ್ಲ.

ಹಾಗೆಂದು ವರ್ಷಗಟ್ಟಲೆ ತಾವಾಗಿಯೇ ನುಂಗುತ್ತಿರುವುದು ಸಲ್ಲದು. ಆಮ್ಲ ನಮ್ಮ ಶತ್ರುವಲ್ಲ. ಆಹಾರದ ಜೊತೆ ಬರುವ ರೋಗಾಣುಗಳನ್ನು ಕೊಲ್ಲುವುದು ಅದೇ. ಕಬ್ಬಿಣದ ಅಂಶ ಮತ್ತು ಬಿ–12 ಜೀವಸತ್ವ ಮೈಗೆ ಹತ್ತಲು ನೆರವಾಗುವುದೂ ಅದೇ. ಬಹುಕಾಲ ಪಂಪು ನಿಲ್ಲಿಸಿಟ್ಟರೆ ಬಿ–12 ಕಡಿಮೆಯಾಗಬಹುದು, ಹೊಟ್ಟೆಯ ಸೋಂಕು ಬೇಗ ತಗಲಬಹುದು. ಥಟ್ಟನೆ ನಿಲ್ಲಿಸಿದರೆ ಕೆಲವು ದಿನ ಆಮ್ಲ ಮೊದಲಿಗಿಂತ ಹೆಚ್ಚು ಉಕ್ಕುವುದೂ ಉಂಟು. ಎಷ್ಟು ದಿನ ಬೇಕು, ಹೇಗೆ ಬಿಡಬೇಕು ಎಂದು ವೈದ್ಯರನ್ನು ಕೇಳಿ. ಅಡುಗೆ ಸೋಡಾ ನೀರು ಕ್ಷಣಕಾಲ ಹಿತ ಕೊಟ್ಟರೂ ಅದರಲ್ಲಿ ಸೋಡಿಯಂ ಹೆಚ್ಚು, ರಕ್ತದೊತ್ತಡದವರಿಗೆ ಒಳ್ಳೆಯದಲ್ಲ.

ಅನ್ನನಾಳಕ್ಕೆ ಆ ಗೋಡೆ ಇಲ್ಲ

ಜಠರಕ್ಕೆ ಇರುವ ದಪ್ಪ ಲೋಳೆಯ ಹೊದಿಕೆ ಅನ್ನನಾಳಕ್ಕೆ ಇಲ್ಲ. ಆಮ್ಲ ಮೇಲೆ ಬಂದಾಗ ಎದೆ ಉರಿಯುವುದು, ಹುಳಿತೇಗು ಬರುವುದು ಅದರಿಂದಲೇ. ಹೊಟ್ಟೆ ಬಿರಿಯುವಂತೆ ಉಂಡು ಕೂಡಲೇ ಮಲಗಬೇಡಿ. ಎರಡು ಮೂರು ಗಂಟೆ ಕಳೆಯಲಿ.

ರಬ್ಬರ್ ಬೆಳೆಗಾರರು ಇಲ್ಲಿ ಒಂದು ಎಚ್ಚರಿಕೆ ಗಮನಿಸಬೇಕು. ರಬ್ಬರ್ ಹಾಲು ಗಟ್ಟಿ ಮಾಡಲು ಬಳಸುವ ಫಾರ್ಮಿಕ್ ಆಸಿಡನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಎಂದಿಗೂ ಇಡಬೇಡಿ. ಗೊತ್ತಿಲ್ಲದೆ ಒಂದು ಗುಟುಕು ಕುಡಿದರೂ ಬಾಯಿ, ಅನ್ನನಾಳ, ಜಠರ ಎಲ್ಲವೂ ಸುಡುತ್ತವೆ. ಅಂತಹ ದ್ರವವನ್ನು ತಡೆಯುವ ಶಕ್ತಿ ಜಠರಕ್ಕೂ ಇಲ್ಲ. ಹಾಗಾದಾಗ ವಾಂತಿ ಮಾಡಿಸಬಾರದು, ಸೋಡಾ ಕುಡಿಸಬಾರದು. ಬಾಟಲಿಯ ಸಮೇತ ಕೂಡಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು.

ಹಟ್ಟಿಯಲ್ಲೂ ಇದೇ ಪಾಠ

ದನಕ್ಕೆ ನಾಲ್ಕು ಕೋಣೆಗಳ ಹೊಟ್ಟೆ. ನಾಲ್ಕನೆಯ ಕೋಣೆ ನಮ್ಮ ಜಠರದ ಹಾಗೆಯೇ. ಅದರಲ್ಲಿ ಆಮ್ಲದ ಪಂಪೂ ಇದೆ, ಲೋಳೆಯ ಹೊದಿಕೆಯೂ ಇದೆ. ಆದರೆ ಮೇವು ಮೊದಲು ಹೋಗಿ ಬೀಳುವ ದೊಡ್ಡ ಹೊಟ್ಟೆಯಲ್ಲಿ ಲೋಳೆ ಸುರಿಸುವ ಕೋಶಗಳಿಲ್ಲ. ಅಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಹುಲ್ಲನ್ನು ಹುದುಗಿಸಿ ಮೆದು ಆಮ್ಲಗಳನ್ನು ಮಾಡುತ್ತವೆ. ಅದೇ ದನಕ್ಕೆ ಆಹಾರ. ಈ ಹುಳಿಯನ್ನು ಹದದಲ್ಲಿಡುವುದು ಜೊಲ್ಲು. ದೊಡ್ಡ ಹಸು ದಿನಕ್ಕೆ 100 ಲೀಟರಿಗೂ ಹೆಚ್ಚು ಜೊಲ್ಲು ಸುರಿಸುತ್ತದೆ. ಅದರಲ್ಲಿ ಬೈಕಾರ್ಬನೇಟ್ ತುಂಬಿರುತ್ತದೆ. ಮೆಲುಕು ಹಾಕಿದಷ್ಟೂ ಜೊಲ್ಲು, ಜೊಲ್ಲು ಬಂದಷ್ಟೂ ಕ್ಷಾರ.

ಮದುವೆ ಮನೆಯಲ್ಲಿ ಉಳಿದ ಅನ್ನವನ್ನು ಪಾಪವೆಂದು ದನಕ್ಕೆ ಸುರಿಯುತ್ತೇವೆ. ಹಲಸಿನ ಕಾಲದಲ್ಲಿ ಮರದಡಿ ಬಿದ್ದ ಹಣ್ಣನ್ನು ದನ ಹೊಟ್ಟೆ ತುಂಬ ತಿನ್ನುತ್ತದೆ. ಇವಕ್ಕೆ ಮೆಲುಕು ಬೇಕಾಗದು, ಜೊಲ್ಲು ಬಾರದು. ಕೆಲವೇ ಗಂಟೆಗಳಲ್ಲಿ ದೊಡ್ಡ ಹೊಟ್ಟೆ ಲ್ಯಾಕ್ಟಿಕ್ ಆಮ್ಲದಿಂದ ತುಂಬಿ ಪಿ.ಎಚ್. 5ಕ್ಕಿಂತ ಕೆಳಗಿಳಿಯಬಹುದು. ಲೋಳೆಯಿಲ್ಲದ ಗೋಡೆ ಸುಡುತ್ತದೆ. ದನ ಮೆಲುಕು ನಿಲ್ಲಿಸುತ್ತದೆ, ಮೇವು ಮುಟ್ಟುವುದಿಲ್ಲ, ಹುಳಿ ವಾಸನೆಯ ನೀರಾದ ಸಗಣಿ ಹಾಕುತ್ತದೆ, ತೂರಾಡಿ ಮಲಗುತ್ತದೆ. ತಡಮಾಡಿದರೆ ಸಾಯುತ್ತದೆ. ಕೂಡಲೇ ಪಶುವೈದ್ಯರನ್ನು ಕರೆಯಿರಿ. ಸೋಡಾ ಎಷ್ಟು ಕೊಡಬೇಕು, ಹೇಗೆ ಕೊಡಬೇಕು ಎಂಬುದನ್ನು ಅವರೇ ಹೇಳಲಿ; ಮಲಗಿದ ದನಕ್ಕೆ ಗೊಟ್ಟದಲ್ಲಿ ಹೊಯ್ದರೆ ಶ್ವಾಸಕೋಶಕ್ಕೆ ಹೋಗಬಹುದು. ಉಳಿದ ಅನ್ನವನ್ನು ಒಂದೇ ದಿನ ಹಾಕದೆ ಸ್ವಲ್ಪ ಸ್ವಲ್ಪವಾಗಿ, ಬೈಹುಲ್ಲು ತಿಂದ ಮೇಲೆ ಕೊಡುವುದೇ ಸರಿಯಾದ ಕ್ರಮ.

ನೆನಪಿಡಬೇಕಾದವು

1. ಸಾಧಾರಣ ಮೈಕೈ ನೋವಿಗೆ ಮೊದಲು ವಿಶ್ರಾಂತಿ, ಬಿಸಿನೀರಿನ ಶಾಖ. ಮಾತ್ರೆ ಬೇಕೇ ಬೇಕೆಂದರೆ ಪ್ಯಾರಾಸಿಟಮಾಲ್ ಜಠರಕ್ಕೆ ಸೌಮ್ಯ. ಆದರೆ ಅಳತೆ ಮೀರಿದರೆ, ಅದರಲ್ಲೂ ಕುಡಿಯುವವರಿಗೆ, ಅದು ಯಕೃತ್ತನ್ನು ಕೆಡಿಸುತ್ತದೆ.

2. ಉಪವಾಸದ ದಿನ, ಖಾಲಿ ಹೊಟ್ಟೆಯಲ್ಲಿ ನೋವಿನ ಮಾತ್ರೆ ನುಂಗಬೇಡಿ. ಎರಡು ಬಗೆಯ ನೋವಿನ ಮಾತ್ರೆಗಳನ್ನು ಒಟ್ಟಿಗೆ ನುಂಗಬೇಡಿ.

3. ಡಾಂಬರಿನಂತೆ ಕಪ್ಪಾದ, ಅಂಟು ಮಲ. ರಕ್ತದ ವಾಂತಿ ಅಥವಾ ಕಾಫಿ ಪುಡಿಯಂತಹ ವಾಂತಿ. ಹಲಗೆಯಂತೆ ಗಟ್ಟಿಯಾದ ಹೊಟ್ಟೆಯೊಡನೆ ಥಟ್ಟನೆ ಬಂದ ಅಸಾಧ್ಯ ನೋವು – ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. (ಕಬ್ಬಿಣದ ಮಾತ್ರೆ ನುಂಗುವವರ ಮಲವೂ ಕಪ್ಪಾಗುತ್ತದೆ; ವೈದ್ಯರಿಗೆ ಅದನ್ನು ತಿಳಿಸಿ.)

4. ಕಾರಣವಿಲ್ಲದೆ ತೂಕ ಇಳಿದರೆ, ನುಂಗಲು ಕಷ್ಟವಾದರೆ, 50ರ ನಂತರ ಹೊಸದಾಗಿ ಹೊಟ್ಟೆ ಉರಿ ಶುರುವಾದರೆ ತಪಾಸಣೆ ಮಾಡಿಸಿಕೊಳ್ಳಿ.

5. ಎದೆ ಬಿಗಿತ, ಬೆವರು, ಎಡಗೈ ಅಥವಾ ದವಡೆಗೆ ಹರಡುವ ನೋವನ್ನು ‘ಗ್ಯಾಸ್’ ಎಂದು ಸೋಡಾ ಕುಡಿದು ಸುಮ್ಮನಿರಬೇಡಿ. ಅದು ಹೃದಯಾಘಾತ ಇರಬಹುದು.

6. ಕುದಿಸಿ ಆರಿಸಿದ ನೀರು, ಊಟಕ್ಕೆ ಮೊದಲು ಸಾಬೂನಿನಿಂದ ತೊಳೆದ ಕೈ – ಮಕ್ಕಳಿಗೆ ಇವನ್ನು ಈಗಲೇ ರೂಢಿ ಮಾಡಿಸಿ.

ಜಠರದ ಗೋಡೆ ಹಗಲಿರುಳು ತನ್ನನ್ನು ತಾನೇ ಕಟ್ಟಿಕೊಳ್ಳುತ್ತಿದೆ. ಅದಕ್ಕೆ ನಮ್ಮಿಂದ ಬೇಕಾದ ಸಹಾಯ ಬಹಳವೇನಿಲ್ಲ. ಹೊತ್ತಿಗೆ ಸರಿಯಾಗಿ ಊಟ, ಶುದ್ಧ ನೀರು, ಅಗತ್ಯವಿಲ್ಲದ ಮಾತ್ರೆಗಳಿಂದ ದೂರ. ಮುಂದಿನ ಸಲ ಅಂಗಡಿಯಲ್ಲಿ ‘ನೋವಿಗೊಂದು ಮಾತ್ರೆ ಕೊಡಿ’ ಎಂದು ಕೇಳುವ ಮೊದಲು, ಆಮ್ಲವನ್ನು ತಡೆದು ನಿಂತಿರುವ ಆ ಒಂದು ಸಾಲು ಜೀವಕೋಶಗಳನ್ನು ನೆನೆದುಕೊಳ್ಳಿ.